ಹಾಲು, ಮೊಸರು, ತೆಂಗಿನ ಹಾಲು: ಮಕ್ಕಳೊಂದಿಗೆ ಮಾಡುವ ಸ್ಮೂದಿಗೆ ಯಾವುದು ಹೊಂದುತ್ತದೆ?

ಸ್ಮೂದಿ ಎಂದೊಡನೆ ಯಾವ ಹಣ್ಣು ಒಳ್ಳೆಯದು ಎಂಬ ಚರ್ಚೆ ಶುರುವಾಗುತ್ತದೆ. ಆದರೆ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಾಡುವಾಗ, ಹಣ್ಣನ್ನು ಯಾವುದರಲ್ಲಿ ಕಲಸುತ್ತೇವೆ ಎಂಬುದೇ ರುಚಿಯನ್ನೂ ಪೌಷ್ಟಿಕತೆಯನ್ನೂ ಮಕ್ಕಳ ಕೈಗೆ ಎಷ್ಟು ಕೆಲಸ ಸಿಗುತ್ತದೆ ಎಂಬುದನ್ನೂ ತೀರ್ಮಾನಿಸುತ್ತದೆ ಎನ್ನುವುದು ನನ್ನ ಅನುಭವ. ಎಂಟು ವರ್ಷದ ಮಗಳು ಮತ್ತು ಐದು ವರ್ಷದ ಮಗನೊಂದಿಗೆ ಹಾಲು, ಮೊಸರು, ತೆಂಗಿನ ಹಾಲು ಈ ಮೂರರಲ್ಲೂ ಮಾಡಿ ನೋಡಿದ್ದೇನೆ. ಸಕ್ಕರೆ, ಬೆಲ್ಲ, ಜೇನುತುಪ್ಪ ಯಾವುದನ್ನೂ ಹಾಕಬಾರದೆಂಬುದು ಮೂರಕ್ಕೂ ಇಟ್ಟುಕೊಂಡ ನಿಯಮ. ಜೇನುತುಪ್ಪದಿಂದ ಏನೂ ಆಗದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದ್ದರೂ, ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯು ಅದರ ಸಿಹಿಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ.

ಹಾಲಿನದು ಎಲ್ಲಕ್ಕಿಂತ ಸುಲಭದ ದಾರಿ. ಚೆನ್ನಾಗಿ ಕಳಿತ ಏಲಕ್ಕಿ ಬಾಳೆ ಅಥವಾ ಸಪೋಟ, ಕಾಯಿಸಿ ತಣಿಸಿದ ಹಾಲು, ಬೇಕಿದ್ದರೆ ಬೀಜ ತೆಗೆದ ಎರಡು ಖರ್ಜೂರ, ಇಷ್ಟಿದ್ದರೆ ಸಾಕು. ಆದರೆ ಹಾಲಿಗೆ ಹೊಂದುವ ಹಣ್ಣುಗಳ ಪಟ್ಟಿ ಚಿಕ್ಕದು. ಕಿತ್ತಳೆಯ ಹುಳಿಗೆ ಹಾಲು ಒಡೆಯುತ್ತದೆ. ಅನಾನಸಿನಲ್ಲಿ ಹುಳಿಯ ಜೊತೆಗೆ ಬ್ರೊಮೆಲಿನ್ ಎಂಬ ಕಿಣ್ವವೂ ಇದ್ದು, ಅದು ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಲೋಟ ಸ್ವಲ್ಪ ಹೊತ್ತು ಹಾಗೇ ಇದ್ದರೆ ಕಹಿಯಾಗುತ್ತದೆ. ಸಪೋಟದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅದರ ಕಪ್ಪು ಬೀಜದ ಒಂದು ತುದಿ ಸಣ್ಣ ಕೊಕ್ಕೆಯಂತೆ ಬಾಗಿರುತ್ತದೆ ಮತ್ತು ಗಂಟಲಿನಲ್ಲಿ ಸಿಕ್ಕಿಕೊಳ್ಳಬಲ್ಲದು. ಆದ್ದರಿಂದ ನಮ್ಮಲ್ಲಿ ಬೀಜ ತೆಗೆಯುವುದು ಮಗಳ ಕೆಲಸ, ಅವಳು ತೆಗೆದದ್ದನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ ಎಣಿಸುವುದು ಮಗನ ಕೆಲಸ. ಹಾಲಿನ ಸ್ಮೂದಿಯಲ್ಲಿ ಅವರ ಪಾಲಿಗೆ ಬರುವುದು ಬಹುಮಟ್ಟಿಗೆ ಇಷ್ಟೇ, ಉಳಿದದ್ದನ್ನೆಲ್ಲ ಮಿಕ್ಸಿಯೇ ಮಾಡಿಬಿಡುತ್ತದೆ.

ಮೊಸರಿನಲ್ಲಿ ಸಂಗತಿ ಬೇರೆ. ಮೊಸರು ಮೊದಲೇ ಹುಳಿಯಾಗಿರುವುದರಿಂದ ಹುಳಿ ಹಣ್ಣು ಸೇರಿದರೂ ಒಡೆಯುವ ಭಯವಿಲ್ಲ. ಪಪ್ಪಾಯಿ, ಮಾವು, ದ್ರಾಕ್ಷಿ, ಸೋಸಿ ಬೀಜ ತೆಗೆದ ಸೀಬೆಹಣ್ಣಿನ ತಿರುಳು ಎಲ್ಲವೂ ಇದರಲ್ಲಿ ನಡೆಯುತ್ತವೆ. ಅನಾನಸನ್ನೂ ಹಾಕಬಹುದು, ಮಾಡಿದ ಕೂಡಲೇ ಕುಡಿಯಬೇಕಷ್ಟೇ. ಆದರೆ ಮೊಸರು ಅಂದೇ ಹೆಪ್ಪಾದದ್ದಾಗಿರಬೇಕು. ಹಿಂದಿನ ದಿನದ್ದಾದರೆ ಮಗ ಒಂದು ಗುಟುಕು ಕುಡಿದು ಮುಖ ಕಿವುಚಿ ಲೋಟವನ್ನು ನನ್ನತ್ತ ತಳ್ಳುತ್ತಾನೆ, ಆಗ ಎಷ್ಟು ಸಿಹಿ ಬಾಳೆಹಣ್ಣು ಸೇರಿಸಿದರೂ ಅವನನ್ನು ಒಪ್ಪಿಸಲಾಗುವುದಿಲ್ಲ. ಮೊಸರಿನ ಇನ್ನೊಂದು ಅನುಕೂಲವೆಂದರೆ ಮಿಕ್ಸಿಯ ಅವಶ್ಯಕತೆಯೇ ಬೀಳದಿರುವುದು. ಕಳಿತ ಪಪ್ಪಾಯಿಯನ್ನು ಅಗಲವಾದ ಪಾತ್ರೆಯಲ್ಲಿ ಮಗ ಕೈಯಿಂದಲೇ ಹಿಸುಕುತ್ತಾನೆ, ಮಗಳು ಮೊಸರು ಸುರಿದು ಕಡಗೋಲಿನಿಂದ ಕಡೆಯುತ್ತಾಳೆ. ಅಲ್ಲಲ್ಲಿ ಹಣ್ಣಿನ ಚೂರು ಉಳಿಯುತ್ತದೆ ನಿಜ, ಆದರೆ ತಾವೇ ಹಿಸುಕಿದ್ದರ ಚೂರನ್ನು ಅವರು ಎಂದೂ ದೂರಿಲ್ಲ. ಕೊನೆಗೆ ಒಂದು ಚಮಚ ರಾಗಿ ಹುರಿಹಿಟ್ಟು ಸೇರಿಸಿದರೆ ಸ್ಮೂದಿ ಗಟ್ಟಿಯಾಗುತ್ತದೆ, ಹುರಿದ ಘಮವೂ ಬರುತ್ತದೆ. ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಮತ್ತೆ ಬೇಯಿಸಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಒಂದು ಚಮಚದಲ್ಲಿ ಸಿಗುವುದು ಅದರ ಅಲ್ಪ ಪಾಲು ಮಾತ್ರ ಎಂಬುದನ್ನೂ ನೆನಪಿಡಬೇಕು.

ತೆಂಗಿನ ಹಾಲಿನದು ನಮ್ಮ ಕರಾವಳಿಯವರಿಗೆ ಹೊಸತೇನಲ್ಲ, ಬಾಳೆಹಣ್ಣಿನ ಅಥವಾ ಕರಬೂಜದ ರಸಾಯನದಿಂದ ಬೆಲ್ಲವನ್ನು ಬಿಟ್ಟರೆ ಉಳಿಯುವುದು ಹೆಚ್ಚುಕಡಿಮೆ ಇದೇ. ಮಕ್ಕಳಿಗೆ ಅತಿ ಹೆಚ್ಚು ಕೆಲಸ ಸಿಗುವುದೂ ಇದರಲ್ಲಿಯೇ. ಕಾಯಿ ತುರಿದು, ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ತೆಳುಬಟ್ಟೆಯಲ್ಲಿ ಕಟ್ಟಿಕೊಟ್ಟರೆ ಹಿಂಡುವುದಕ್ಕೆ ಇಬ್ಬರಿಗೂ ಪೈಪೋಟಿ. ಹಿಂಡಿ ಉಳಿದ ತುರಿ ಪಲ್ಯಕ್ಕೆ ಹೋಗುತ್ತದೆ. ಆದರೆ ಪೌಷ್ಟಿಕತೆಯಲ್ಲಿ ಇದು ಹಸುವಿನ ಹಾಲಿಗೆ ಸಮನಲ್ಲ. ಕ್ಯಾಲ್ಸಿಯಂ ಕಡಿಮೆ, ಕೊಬ್ಬು ಹೆಚ್ಚು. ರಜೆಯ ದಿನಕ್ಕೆ ಸರಿ, ಶಾಲೆಗೆ ಹೊರಡುವ ಬೆಳಗ್ಗೆ ಇಷ್ಟೆಲ್ಲ ಮಾಡಲು ಪುರುಸೊತ್ತೂ ಇರುವುದಿಲ್ಲ.

ಬೆಣ್ಣೆಹಣ್ಣನ್ನು ಮೂರರಲ್ಲೂ ಹಾಕಿ ನೋಡಿದೆವು. ಬೆಂಗಳೂರಿನ ಜ್ಯೂಸ್ ಅಂಗಡಿಗಳಲ್ಲಿ ಅದು ಅಷ್ಟು ರುಚಿಸುವುದಕ್ಕೆ ಸಕ್ಕರೆಯ ಪಾಲು ದೊಡ್ಡದೆಂಬುದು ಮನೆಯಲ್ಲಿ ಸಕ್ಕರೆಯಿಲ್ಲದೆ ಮಾಡಿದಾಗ ತಿಳಿಯುತ್ತದೆ. ಹಾಲಿನಲ್ಲಿ, ಅದೂ ಬಾಳೆಹಣ್ಣು ಜೊತೆಗಿದ್ದರೆ ಮಾತ್ರ, ನಮ್ಮ ಮಕ್ಕಳು ಅದನ್ನು ಒಪ್ಪುತ್ತಾರೆ.

ಯಾವುದರಲ್ಲಿ ಮಾಡಿದರೂ ಲೋಟ ಚಿಕ್ಕದಿರಲಿ. ಹಣ್ಣನ್ನು ಅಗಿದು ತಿನ್ನುವಾಗ ಒಂದೆರಡು ಬಾಳೆಹಣ್ಣಿಗೇ ಸಾಕೆನ್ನುವ ಮಗು ನುಣ್ಣಗೆ ರುಬ್ಬಿ ಕೊಟ್ಟರೆ ಅದಕ್ಕಿಂತ ಹೆಚ್ಚನ್ನು ಅರೆ ನಿಮಿಷದಲ್ಲಿ ಕುಡಿದು ಮುಗಿಸುತ್ತದೆ. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯು ಹಣ್ಣಿನ ರಸ ಮತ್ತು ಸ್ಮೂದಿ ಎರಡೂ ಸೇರಿ ದಿನಕ್ಕೆ 150 ಮಿಲಿಲೀಟರ್ ಮೀರಬಾರದೆಂದು ಸಲಹೆ ಮಾಡುತ್ತದೆ, ನಮ್ಮ ಮನೆಯ ಸಣ್ಣ ಸ್ಟೀಲ್ ಲೋಟ ಹಿಡಿಯುವುದೂ ಸುಮಾರು ಅಷ್ಟೇ. ಈ ದೃಷ್ಟಿಯಿಂದಲೂ ಕಡಗೋಲಿನದೇ ಮೇಲು, ಏಕೆಂದರೆ ಚೂರುಗಳಿರುವ ಸ್ಮೂದಿಯನ್ನು ನಿಧಾನವಾಗಿಯೇ ಕುಡಿಯಬೇಕಾಗುತ್ತದೆ.

ಹಾಗಾಗಿ ವಾರದ ದಿನಗಳಿಗೆ ಮೊಸರು ಮತ್ತು ಕಡಗೋಲನ್ನೇ ನಾನು ಆರಿಸುತ್ತೇನೆ, ತೀರಾ ಅವಸರವಿದ್ದ ಬೆಳಗ್ಗೆ ಹಾಲು ಮತ್ತು ಮಿಕ್ಸಿ. ರಸಪುರಿ ಮಾವಿನ ಕಾಲ ಬಂದಾಗ ಮಾತ್ರ ಈ ಲೆಕ್ಕವನ್ನು ಬದಿಗಿಡುತ್ತೇವೆ. ಆ ಹಣ್ಣನ್ನು ಮಕ್ಕಳೇ ಕೈಯಿಂದ ಹಿಂಡಿ, ಸ್ವಲ್ಪ ಹಾಲು ಮತ್ತು ಚಿಟಿಕೆ ಏಲಕ್ಕಿ ಪುಡಿ ಬೆರೆಸಿದರೆ ಸೀಕರಣೆ ಸಿದ್ಧವಾಗುತ್ತದೆ, ಅದಕ್ಕೆ ಮಿಕ್ಸಿಯೂ ಬೇಡ, ಕಡಗೋಲೂ ಬೇಡ.