ತಗಡಿನ ಮನೆಗೆ ಕೂಲ್ ರೂಫ್ ಪೇಂಟ್: ಬಣ್ಣಕ್ಕಿಂತ ಅಡಿಪದರ ಮುಖ್ಯ

ಕೊಳೆಗೇರಿಯ ಶೀಟಿನ ಮನೆಗಳಿಗೆ ಬಿಳಿ ಅಕ್ರಿಲಿಕ್ ಕೂಲ್ ರೂಫ್ ಪೇಂಟ್ ಹಾಕಿಸಬಹುದೇ? ಹಾಕಿಸಬಹುದು, ಮಧ್ಯಾಹ್ನದ ಧಗೆ ನಿಜಕ್ಕೂ ತಗ್ಗುತ್ತದೆ. ಆದರೆ ಡಬ್ಬಿಯ ಮೇಲೆ ಬರೆದಷ್ಟು ವರ್ಷ ಬಾಳಿಕೆ ಬರುತ್ತದೆಂದು ನಂಬಬೇಡಿ.

ಹೊಳೆಯುವ ಜಿಂಕ್ (ಸತು ಲೇಪಿಸಿದ) ಶೀಟಿಗೆ ಬಣ್ಣ ಯಾಕೆ ಎನ್ನುವವರಿದ್ದಾರೆ. ಹೊಸ ಶೀಟು ಒಂದಷ್ಟು ಬಿಸಿಲನ್ನು ತಿರುಗಿಸುತ್ತದೆ, ಹೀರಿದ ಕಾವನ್ನು ಮಾತ್ರ ಸುಲಭಕ್ಕೆ ಹೊರಬಿಡುವುದಿಲ್ಲ. ಒಳ್ಳೆಯ ಬಿಳಿ ಬಣ್ಣ ಹೊಸದರಲ್ಲಿ ಶೇ 80ರಷ್ಟು ಬಿಸಿಲನ್ನು ತಿರುಗಿಸಿ, ಉಳಿದ ಕಾವನ್ನೂ ಬೇಗ ಬಿಟ್ಟುಕೊಡುತ್ತದೆ.

ಬಣ್ಣ ಸಿಪ್ಪೆ ಏಳುವುದಕ್ಕೆ ಸಾಮಾನ್ಯವಾಗಿ ತಪ್ಪು ಪ್ರೈಮರೇ, ಅಂದರೆ ಬಣ್ಣದ ಅಡಿಪದರವೇ ಕಾರಣ. ಜಿಂಕ್ ಹೊಳಪು ಇನ್ನೂ ಇರುವ ಶೀಟಿಗೆ ಎಣ್ಣೆ ಆಧಾರದ ರೆಡ್ ಆಕ್ಸೈಡ್ (ಕಬ್ಬಿಣಕ್ಕೆ ಬಳಿಯುವ ಕೆಂಪು ಪ್ರೈಮರ್) ಬಳಿದರೆ, ಅದು ಸತುವಿನೊಂದಿಗೆ ಸೇರಿ ಸಾಬೂನಿನಂಥ ಪದರ ಕಟ್ಟುತ್ತದೆ. ಮಳೆ ಬಿದ್ದ ಮೇಲೆ ಉಗುರು ತಾಗಿಸಿದರೂ ಹಾಳೆಯಂತೆ ಎದ್ದು ಬರುತ್ತದೆ. ಅಂಥ ಶೀಟಿಗೆ ಜಿಂಕ್‌ಗೆಂದೇ ಬರುವ ಪ್ರೈಮರ್ ಬೇಕು. ರೆಡ್ ಆಕ್ಸೈಡ್ ಏನಿದ್ದರೂ ಸತು ಹೋಗಿ ತುಕ್ಕು ಹಿಡಿದ ಜಾಗಕ್ಕೆ, ಅದೂ ವೈರ್ ಬ್ರಷ್‌ನಿಂದ ಚೆನ್ನಾಗಿ ಉಜ್ಜಿದ ಮೇಲೆ. ಹಳೆಯ ಆಸ್ಬೆಸ್ಟಾಸ್ ಶೀಟನ್ನು ಮಾತ್ರ ಉಜ್ಜಲೇಬೇಡಿ, ಏಳುವ ನಾರು ಶ್ವಾಸಕೋಶ ಸೇರುತ್ತದೆ.

ಅಳತೆಯಲ್ಲೂ ಜನ ಎಡವುತ್ತಾರೆ. 3x4 ಮೀಟರ್ ಮಾಡು 12 ಚದರ ಮೀಟರ್ ಅನ್ನಿಸಿದರೂ ಅಲೆಯ ಏರಿಳಿತ ಸೇರಿ 13-14 ಆಗುತ್ತದೆ. ಬಣ್ಣ ಸಾಲದೆ ಎರಡನೇ ಕೋಟನ್ನು ನೀರು ಬೆರೆಸಿ ಎಳೆದರೆ ಮೊದಲ ಬೇಸಿಗೆಗೇ ತಗಡು ಇಣುಕುತ್ತದೆ. ಇಬ್ಬನಿ ಆರಿದ ಮೇಲೆ ಬೆಳಿಗ್ಗೆ ಶುರು ಮಾಡಿ. ಸಂಜೆ ಬಳಿದರೆ ರಾತ್ರಿಯ ತೇವಕ್ಕೆ ಬಣ್ಣ ಕದಡುತ್ತದೆ. ಸ್ಕ್ರೂ ಸಾಲಿನ ಮೇಲೆ ಹಲಗೆ ಹಾಕಿಕೊಂಡೇ ನಡೆಯಿರಿ, ನಡುವೆ ಕಾಲಿಟ್ಟರೆ ತೆಳು ಶೀಟು ಬಾಗುತ್ತದೆ. ಗಾಳಿಗೆ ಹಾರದಿರಲೆಂದು ಹೇರಿದ ಕಲ್ಲು, ಟೈರುಗಳನ್ನು ಮತ್ತೆ ಅಲ್ಲೇ ಇಟ್ಟರೆ ಆ ಜಾಗ ಮೊದಲು ಕೆಡುತ್ತದೆ. ವಾಷರ್ ಹಾಕಿದ ಸ್ಕ್ರೂ ಬಿಗಿದರೆ ಕಲ್ಲಿನ ಗೊಡವೆಯೇ ಇಲ್ಲ.

ಒತ್ತೊತ್ತಾಗಿ ಮನೆಗಳಿರುವ ಕಡೆ ಸೌದೆ ಒಲೆಯ ಮಸಿ, ಓಣಿಯ ಧೂಳು ಕೂತು ಬಿಳುಪು ಬೇಗ ಮಂಕಾಗುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ ತೊಳೆಯಬೇಕು, ಆದರೆ ಕೊಡ ನೀರಿಗೂ ಸಾಲು ನಿಲ್ಲುವಲ್ಲಿ ಅದು ಸುಲಭದ ಮಾತಲ್ಲ. ಮೃದು ಪೊರಕೆಯಿಂದ ಗುಡಿಸಿ ಒದ್ದೆ ಬಟ್ಟೆ ಎಳೆದರೂ ಅಷ್ಟಿಷ್ಟು ಬಿಳುಪು ಮರಳುತ್ತದೆ.

ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಒಲೆಯೂ ಇದ್ದರೆ ಒಳಗೆ ಹುಟ್ಟಿದ ಬಿಸಿಗೆ ಈ ಬಣ್ಣದಿಂದ ಪರಿಹಾರವಿಲ್ಲ. ಮೊದಲು ಗೋಡೆಯ ಮೇಲ್ತುದಿಯಲ್ಲಿ ಎದುರುಬದುರಾಗಿ ಎರಡು ಗಾಳಿಕಿಂಡಿ ಬಿಡಿಸಿ, ಆಮೇಲೆ ಡಬ್ಬಿ ತನ್ನಿ.