ಗುಮ್ಮಟದ ಮಾಡು: ಇಟ್ಟಿಗೆಯೋ, ಫೆರೋಸಿಮೆಂಟೋ, ತ್ರಿಕೋನಗಳ ಚೌಕಟ್ಟೋ?

ಬದಿಯಡ್ಕದ ಸಮೀಪ, ತೋಟದ ನಡುವೆ 5 ಮೀಟರ್ ವ್ಯಾಸದ ಓದುಕೋಣೆ ಕಟ್ಟಲಿರುವವರೊಬ್ಬರು ಗುಮ್ಮಟದ ಮಾಡಿಗೆ ಯಾವ ವಿಧಾನ ಸೂಕ್ತವೆಂದು ಕೇಳಿದ್ದಾರೆ.

ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಮೊದಲು ತೂಗಬೇಕಾದದ್ದು ಸೋರಿಕೆಯನ್ನು. ತ್ರಿಕೋನಗಳನ್ನು ಜೋಡಿಸುವ ಜಿಯೋಡೆಸಿಕ್ ಗುಮ್ಮಟದಲ್ಲಿ ಪ್ರತಿಯೊಂದು ಅಂಚೂ ಒಂದು ಸಂದು. ಅಲ್ಲಿನ ಸೀಲಂಟ್ (ಸಂದು ಮುಚ್ಚುವ ಅಂಟು) ಬಿಸಿಲಿಗೆ ಬಿರಿದರೆ ಆಟಿಯ ಮಳೆ ಒಳಗೇ ಸುರಿಯುತ್ತದೆ. ಇಟ್ಟಿಗೆಯ ಗುಮ್ಮಟಕ್ಕೆ ಹೊರಗಿನಿಂದ ನೀರು ತಡೆಯುವ ಲೇಪ ಅನಿವಾರ್ಯ. ತಂತಿಬಲೆಗೆ ಸಿಮೆಂಟ್ ಗಾರೆ ಮೆತ್ತಿ ಮಾಡುವ, ಸಂದಿಲ್ಲದ ಒಂದೇ ಚಿಪ್ಪಾದ ಫೆರೋಸಿಮೆಂಟ್ ಈ ವಿಷಯದಲ್ಲಿ ಮುಂದಿದೆಯಾದರೂ, ಕೇವಲ 25ರಿಂದ 40 ಮಿ.ಮೀ. ದಪ್ಪದೊಳಗೆ ಅಡಗಿರುವ ತಂತಿಬಲೆಗೆ ಕುಂಬಳೆ, ಮಂಜೇಶ್ವರದ ಕಡಲ ಅಂಚಿನ ಉಪ್ಪುಗಾಳಿ ಒಳ್ಳೆಯದಲ್ಲ. ಅಲ್ಲಿ ಸತು ಲೇಪಿಸಿದ ಬಲೆಯನ್ನೇ ಬಳಸಬೇಕು.

ಬಾಳಿಕೆಗೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಸಾಕ್ಷಿಯಾಗಿ 1656ರಲ್ಲಿ ಮುಗಿದ ವಿಜಯಪುರದ ಗೋಳಗುಮ್ಮಟವಿದೆ. ಆದರೆ ಗುಮ್ಮಟ ತನ್ನ ಭಾರದಿಂದಲೇ ಬುಡವನ್ನು ಹೊರಕ್ಕೆ ತಳ್ಳುತ್ತದೆ. ಅಲ್ಲಿ ಒಂದನ್ನೊಂದು ಛೇದಿಸುವ ಕಮಾನುಗಳೂ ದಪ್ಪ ಗೋಡೆಗಳೂ ಅದನ್ನು ತಾಳಿಕೊಂಡರೆ, ನಮ್ಮ ಕೆಂಪುಕಲ್ಲಿನ ಗೋಡೆಯ ಮೇಲೆ ಕಂಬಿ ಹಾಕಿದ ರಿಂಗ್ ಬೀಮ್ (ಗೋಡೆಯ ತಲೆಯ ಸುತ್ತ ಬಳೆಯಂತೆ ಕಟ್ಟುವ ಕಾಂಕ್ರೀಟ್ ತೊಲೆ) ಇರಲೇಬೇಕು.

ಖರ್ಚಿನಲ್ಲಿ ಫೆರೋಸಿಮೆಂಟಿಗೆ ಸಾಮಗ್ರಿ ಕಡಿಮೆ, ಕೈಕೆಲಸ ಹೆಚ್ಚು. ಇಟ್ಟಿಗೆಯನ್ನು ನಡುಗೂಟದ ಹಗ್ಗದ ಅಳತೆಯಲ್ಲಿ ಸುತ್ತುಸುತ್ತಾಗಿ ಏರಿಸಿದರೆ ಸೆಂಟ್ರಿಂಗಿನ (ಕೆಳಗಿನಿಂದ ಕೊಡುವ ತಾತ್ಕಾಲಿಕ ಆಧಾರದ) ಖರ್ಚು ಉಳಿಯುತ್ತದೆ, ಆದರೆ ಅನುಭವಿ ಮೇಸ್ತ್ರಿ ಸಿಗಬೇಕು.

ಆದ್ದರಿಂದ ಬದಿಯಡ್ಕದ ಓದುಕೋಣೆಗೆ ನಾನು ಫೆರೋಸಿಮೆಂಟನ್ನು ಆರಿಸುತ್ತೇನೆ. ಒಣಹವೆಯ ಜತ್ತದಲ್ಲಾದರೆ, ಬಿಸಿಲನ್ನು ನಿಧಾನವಾಗಿ ಒಳಬಿಡುವ ದಪ್ಪ ಇಟ್ಟಿಗೆಯೇ ಹಿತ. ಗೇಣಿಯ ಜಾಗದಲ್ಲಿ, ನಾಳೆ ಬಿಚ್ಚಿ ಒಯ್ಯಬೇಕಾದ ಸಸಿಮನೆಗೆ ಜಿಯೋಡೆಸಿಕ್ ಸಾಕು.