ಒಂದೇ ಚಿಂದಿ ರಾಶಿ, ಮೂರು ಕೌದಿ: ಕೈಹೊಲಿಗೆ, ಮಷಿನ್, ಬ್ಲಾಕ್

ಮೊದಲೇ ಬರೆದುಕೊಂಡ ನಕ್ಷೆ ಇಲ್ಲ, ಸ್ಕೇಲ್ ಇಲ್ಲ. ಒಂದು ತುಂಡು ಬಟ್ಟೆಯ ಪಕ್ಕ ಇನ್ನೊಂದನ್ನು ಇಟ್ಟು ನೋಡುವುದು, ಬಣ್ಣ ಒಪ್ಪಿದರೆ ಹೊಲಿಯುವುದು. ಇಂಥ ಕೌದಿ ಎಂದರೆ ನನಗೆ ಪ್ರಾಣ. ಆದರೆ ಹೊಲಿಯುವ ದಾರಿ ಒಂದೇ ಅಲ್ಲ. ಕೈಯಲ್ಲಿ ಹೊಲಿಯುವವರು ಮಷಿನ್ ಕೌದಿಗೆ ಜೀವ ಇಲ್ಲ ಎನ್ನುತ್ತಾರೆ. ಮಷಿನ್ ಇರುವವರು ಅಷ್ಟು ಪುರುಸೊತ್ತು ಯಾರಿಗಿದೆ ಎನ್ನುತ್ತಾರೆ. ಎರಡೂ ಕಡೆಯ ಮಾತು ಕೇಳಿ ಕೇಳಿ, ನಾನೇ ಹೊಲಿದು ನೋಡೋಣ ಎಂದು ಕೂತೆ.

ಒಂದು ವರ್ಷದಲ್ಲಿ ಮೂರು ಕೌದಿ ಮುಗಿಸಿದೆ. ಮೂರೂ 36 ಇಂಚು ಅಗಲ, 48 ಇಂಚು ಉದ್ದ. ಮಗುವಿಗೆ ಹೊದಿಸಲು ಸಾಕು, ದೊಡ್ಡವರು ಕಾಲ ಮೇಲೆ ಹಾಕಿಕೊಂಡು ಓದುತ್ತಾ ಕೂರಲೂ ಸಾಕು. ಮೂರಕ್ಕೂ ಒಂದೇ ರಾಶಿಯ ತುಂಡುಗಳು: ಹಳೆ ಶರ್ಟು, ಹತ್ತಿ ಸೀರೆ, ಬೆಡ್‌ಶೀಟ್, ದಿಂಬಿನ ಕವರ್. ಎಲ್ಲವೂ ಹತ್ತಿಯದು. ಹೊಸ ಬಟ್ಟೆಯ ತುಂಡು ಇದ್ದರೆ ಮೊದಲೇ ಬಿಸಿನೀರಲ್ಲಿ ಒಗೆದು ಒಣಗಿಸಿದೆ. ಇಲ್ಲದಿದ್ದರೆ ಆಗಲೇ ಕುಗ್ಗಿ ಮುಗಿದ ಹಳೆ ಬಟ್ಟೆಯ ಪಕ್ಕ ಹೊಸದು ಮಾತ್ರ ಕುಗ್ಗಿ, ಸುತ್ತ ಸುಕ್ಕು ಬೀಳುತ್ತದೆ. ಕೆಂಪು, ಕಡುನೀಲಿ ತುಂಡುಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿದೆ. ಬಣ್ಣ ಬಿಟ್ಟಿದ್ದನ್ನೆಲ್ಲ ಪಕ್ಕಕ್ಕಿಟ್ಟೆ.

ಯಾವುದು ಬೇಗ ಮುಗಿಯುತ್ತದೆ ಎನ್ನುವುದಷ್ಟೇ ನನಗೆ ಬೇಕಿರಲಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಮನಸ್ಸು ಬದಲಾಗುತ್ತದಲ್ವಾ? ಅದಕ್ಕೆ ಯಾವ ಬಗೆ ಎಷ್ಟು ಜಾಗ ಕೊಡುತ್ತದೆ ಎಂದು ನೋಡಬೇಕಿತ್ತು. ನಕ್ಷೆ ಇಲ್ಲದ ಕೌದಿಯ ಸುಖ ಇರುವುದೇ ಅಲ್ಲಿ.

ಅಂಚಿನಿಂದ ನಡುವಿಗೆ: ಕೈಕೌದಿ

ಮೊದಲನೆಯದಕ್ಕೆ ನಾನು ಹಿಡಿದದ್ದು ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ದಾರಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಅವರು ಹೊಲಿಯುವ ಕೌದಿ ಒಂದು ಮೂಲೆಯಲ್ಲಿ ಶುರುವಾಗುತ್ತದೆ. ಅಂಚಿನಗುಂಟ ಸುತ್ತು ಹಾಕುತ್ತಾ, ಒಳಗೊಳಗೆ ಬಂದು, ನಟ್ಟನಡುವೆ ಮುಗಿಯುತ್ತದೆ.

ಕೆಲಸ ನೋಡಲು ಸರಳ. ಅಡಿಬಟ್ಟೆ ಹಾಸಿ, ಅದರ ಅಂಚನ್ನು ಒಳಕ್ಕೆ ಮಡಚಬೇಕು. ಮೇಲೆ ಒಂದು ತುಂಡು ಇಟ್ಟು, ಅದರ ಹೊರ ಅಂಚನ್ನೂ ಬೆರಳಲ್ಲೇ ಮಡಚಿ, ಎಲ್ಲ ಪದರ ಸೇರಿಸಿ ರನ್ನಿಂಗ್ ಹೊಲಿಗೆ ಹಾಕಬೇಕು. ಮುಂದಿನ ತುಂಡಿನ ಮಡಚಿದ ಅಂಚು ಹಿಂದಿನ ತುಂಡಿನ ಮಡಚದೆ ಬಿಟ್ಟ ಅಂಚನ್ನು ಮುಚ್ಚುತ್ತದೆ. ಹೀಗಾಗಿ ಒಂದೇ ಹೊಲಿಗೆ ಮೂರು ಕೆಲಸ ಮಾಡುತ್ತದೆ. ತುಂಡನ್ನು ಹಿಡಿಯುತ್ತದೆ, ಪದರಗಳನ್ನು ಕಟ್ಟುತ್ತದೆ, ಮೇಲೆ ಗೆರೆಗಳ ಚಿತ್ತಾರವನ್ನೂ ಬಿಡಿಸುತ್ತದೆ. ಸುತ್ತಲೂ ಬೇರೆ ಪಟ್ಟಿ ಕೂಡ ಬೇಡ, ಅಂಚು ಮೊದಲ ದಿನವೇ ಮುಗಿದಿರುತ್ತದೆ. ನಾಲ್ಕು ಮೂಲೆಗೆ ಅವರು ಮಡಚಿದ ತ್ರಿಕೋನದ ತುಂಡು ಇಡುತ್ತಾರೆ. ಅದಕ್ಕೆ ಫೂಲ ಎನ್ನುತ್ತಾರೆ. ನಾನು ಹಳದಿ ಬಟ್ಟೆಯ ಫೂಲ ಇಟ್ಟೆ. ಇಡೀ ಕೌದಿಯಲ್ಲಿ ಈಗಲೂ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಸೂಜಿ ದಾರದ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನನ್ನ ಮೊದಲ ಎರಡು ವಾರ ಅದರಲ್ಲೇ ಹೋಯಿತು. ಕ್ವಿಲ್ಟಿಂಗ್ ಸೂಜಿ ಎಂದು ಸಿಗುವುದು ಗಿಡ್ಡ ಸೂಜಿ. ಸಣ್ಣ ಹೊಲಿಗೆಗೆ ಅದು ಚೆನ್ನ. ಆದರೆ ಕೌದಿಯಲ್ಲಿ ಒಂದೇ ಸಲಕ್ಕೆ ಐದಾರು ಹೊಲಿಗೆಯನ್ನು ಸೂಜಿಗೆ ಏರಿಸಿ ಎಳೆದರೆ ಮಾತ್ರ ಕೈಗೆ ಲಯ ಸಿಗುತ್ತದೆ. ಅದಕ್ಕೆ ಉದ್ದ ಸೂಜಿಯೇ ಬೇಕು. ದಾರಕ್ಕೆ ಮೊದಲು ಕಸೂತಿ ದಾರದ ಮೂರು ಎಳೆ ತೆಗೆದುಕೊಂಡೆ. ಪದರಗಳ ನಡುವೆ ಹಾದು ಹಾದು ಎಳೆಗಳು ಬಿಡಿಬಿಡಿಯಾದವು. ಆಮೇಲೆ ಹುರಿಹಾಕಿದ ಪರ್ಲ್ ಕಾಟನ್ ದಾರ ಹಿಡಿದೆ. ಇದರಲ್ಲಿ ನಂಬರ್ ಜಾಸ್ತಿಯಾದಷ್ಟೂ ದಾರ ತೆಳು. 5 ನಂಬರ್ ದಪ್ಪವಾಗಿ ಬಟ್ಟೆಯನ್ನು ಜಗ್ಗಿತು, 8 ನಂಬರ್ ಸರಿಹೋಯಿತು. ಒಂದೂವರೆ ಮೊಳಕ್ಕಿಂತ ಉದ್ದ ದಾರ ಪೋಣಿಸಬೇಡಿ. ಸಿಕ್ಕು ಬಿಡಿಸುವುದರಲ್ಲೇ ಸಂಜೆ ಕಳೆಯುತ್ತದೆ.

ಒಳಗೆ ಹತ್ತಿಯ ದಪ್ಪ ಹಾಸು ಹಾಕಲಿಲ್ಲ. ಸವೆದು ಮೆತ್ತಗಾದ ಬೆಡ್‌ಶೀಟ್ ಒಂದು ಪದರ, ಅಷ್ಟೇ. ಸಾಲುಗಳು ಅರ್ಧ ಇಂಚಿಗೊಂದರಂತೆ ಇಷ್ಟು ಹತ್ತಿರ ಇದ್ದಾಗ ಅದಕ್ಕಿಂತ ದಪ್ಪ ಇಟ್ಟರೆ ಸೂಜಿ ತೂರುವುದೇ ಕಷ್ಟ.

ಎಡವಿದ್ದು ನಡುವಿಗೆ ಬಂದಾಗ. ಕೊನೆಯ ಒಂದು ಗೇಣು ಉಳಿದಿತ್ತು. ನೋಡಿದರೆ ಅಡಿಬಟ್ಟೆ ಬುಗ್ಗೆಯ ಹಾಗೆ ಉಬ್ಬಿ ನಿಂತಿದೆ! ಪ್ರತಿ ಸಾಲೂ ಬಟ್ಟೆಯನ್ನು ಕೂದಲೆಳೆಯಷ್ಟು ಜಗ್ಗುತ್ತದೆ. ಸುತ್ತ ಹೊಲಿಗೆ ಬಿಗಿಯಾದಂತೆ ಉಳಿದ ಸಡಿಲವೆಲ್ಲ ನಡುವಿಗೆ ಬಂದು ಸೇರುತ್ತದೆ. ಎರಡು ಸಂಜೆ ಕೂತು ನಾಲ್ಕು ಸುತ್ತು ಬಿಚ್ಚಿದೆ. ಪದರಗಳನ್ನು ನೆಲದ ಮೇಲೆ ನೀವಿ ನೀವಿ ಸಡಿಲವನ್ನು ಹಂಚಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಮತ್ತೆ ಹೊಲಿದೆ. ಈ ಕಚ್ಚಾ ಹೊಲಿಗೆಯನ್ನು ಶುರುವಿನಲ್ಲೇ, ಕೈಯಗಲಕ್ಕೊಂದು ಸಾಲಿನಂತೆ ಹಾಕಿದ್ದರೆ ಈ ಪಾಡು ಬರುತ್ತಿರಲಿಲ್ಲ. ದಾರವನ್ನು ಎಳೆದ ಮೇಲೆ ಸಾಲನ್ನೊಮ್ಮೆ ಹೆಬ್ಬೆರಳಲ್ಲಿ ನೀವಿ ಸಡಿಲಿಸುವುದನ್ನೂ ಆಗಲೇ ಕಲಿತೆ.

ಹಿಡಿದ ಸಮಯ ಸುಮಾರು 50 ಗಂಟೆ. ಅರ್ಧ ಇಂಚಿಗೊಂದು ಸಾಲು ಎಂದರೆ ಈ ಅಳತೆಗೆ 88 ಮೀಟರ್ ಹೊಲಿಗೆಯಾಗುತ್ತದೆ. ಕೇಳಲು ಜಾಸ್ತಿ ಅನ್ನಿಸುತ್ತದೆ. ಆದರೆ ಇದು ದಿನಕ್ಕೆ ಅರ್ಧ ಗಂಟೆಯ ಕೆಲಸ. ಯಾರೊಡನೆಯೋ ಮಾತಾಡುತ್ತಾ, ರೇಡಿಯೋ ಕೇಳುತ್ತಾ ಕೈ ತಾನಾಗಿಯೇ ಓಡುತ್ತದೆ.

ಕತ್ತರಿಸಿ ಜೋಡಿಸಿ: ಮಷಿನ್ ಕೌದಿ

ಎರಡನೆಯದರ ರೂಪಕ್ಕೆ ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಣ್ಣುಮಕ್ಕಳ ಕೌದಿಗಳೇ ಗುರು. ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳಿಂದ ಅವರು ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್‌ನ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಅವರಲ್ಲಿ ಹೌಸ್‌ಟಾಪ್ ಎಂಬ ಒಂದು ಬಗೆ ಇದೆ. ನಡುವೆ ಒಂದು ತುಂಡು, ಅದರ ಸುತ್ತ ಪಟ್ಟಿ, ಅದರ ಸುತ್ತ ಮತ್ತೆ ಪಟ್ಟಿ. ಗೆರೆಗಳು ಎಲ್ಲೂ ನೆಟ್ಟಗಿರುವುದಿಲ್ಲ, ಆದರೂ ಇಡೀ ಕೌದಿ ಗಟ್ಟಿಯಾಗಿ ನಿಂತಿರುತ್ತದೆ. ಅದನ್ನು ನಾನು ಮಷಿನ್‌ನಲ್ಲಿ ಹೊಲಿದು ನೋಡಿದೆ.

ಇಲ್ಲಿ ನನಗೆ ಅಚ್ಚರಿ ತಂದದ್ದು, ಸ್ಕೇಲ್ ಇಲ್ಲದ ಕೌದಿಗೂ ಒಂದು ಅಳತೆ ಬೇಕೇ ಬೇಕು ಎನ್ನುವುದು. ತುಂಡು ಹೇಗಾದರೂ ಇರಲಿ, ಹೊಲಿಗೆ ಮಾತ್ರ ಅಂಚಿನಿಂದ ಕಾಲು ಇಂಚು ಒಳಗೇ ಬರಬೇಕು. ಎರಡು ಸೊಟ್ಟ ಅಂಚುಗಳನ್ನು ಸೇರಿಸಬೇಕಾದರೆ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಇಟ್ಟು, ಎರಡನ್ನೂ ಒಟ್ಟಿಗೆ ಕತ್ತರಿಸಬೇಕು. ಆಗ ಅಂಚುಗಳು ಒಂದಕ್ಕೊಂದು ಕೂರುತ್ತವೆ. ಓರೆಯಾಗಿ ಕತ್ತರಿಸಿದ ಬಟ್ಟೆ ರಬ್ಬರಿನಂತೆ ಹಿಗ್ಗುತ್ತದೆ. ಅದನ್ನು ಜಗ್ಗಿ ಹೊಲಿದರೆ ಬ್ಲಾಕ್, ಅಂದರೆ ಹೀಗೆ ತುಂಡು ಜೋಡಿಸಿ ಮಾಡಿದ ಒಂದೊಂದು ಭಾಗ, ಅಲೆಅಲೆಯಾಗುತ್ತದೆ. ಅಂಥ ಬಟ್ಟೆಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿದೆ. ಪ್ರತಿ ಹೊಲಿಗೆಯಾದ ಮೇಲೂ ಇಸ್ತ್ರಿ. ಹೊಲಿದದ್ದಕ್ಕಿಂತ ಇಸ್ತ್ರಿ ಹಿಡಿದು ನಿಂತದ್ದೇ ಜಾಸ್ತಿ ಇರಬೇಕು.

ಆದರೆ ಬಣ್ಣದ ಆಟಕ್ಕೆ ಇದರಷ್ಟು ಸಲೀಸು ಬೇರೆ ಇಲ್ಲ. ಬ್ಲಾಕ್‌ಗಳನ್ನು ನೆಲದ ಮೇಲೆ ಹರಡಿ ಮೂರು ದಿನ ಬಿಟ್ಟೆ. ಹೋಗುತ್ತಾ ಬರುತ್ತಾ ಇದನ್ನು ಅಲ್ಲಿ, ಅದನ್ನು ಇಲ್ಲಿ ಇಟ್ಟು ನೋಡಿದೆ. ಒಂದು ಬ್ಲಾಕ್ ಪೂರ್ತಿ ಕಂದು, ನೀಲಿ ಆಗಿ ಮಂಕಾಗಿತ್ತು. ಅದನ್ನು ನಡುವೆ ಓರೆಯಾಗಿ ಕತ್ತರಿಸಿ, ಒಂದು ಇಂಚಿನ ಕಿತ್ತಳೆ ಪಟ್ಟಿ ಸೇರಿಸಿದೆ. ಎರಡೂ ಕಡೆ ಕಾಲು ಕಾಲು ಇಂಚು ಹೊಲಿಗೆಗೆ ಹೋಗಿ, ಅರ್ಧ ಇಂಚಿನ ಕಿತ್ತಳೆ ಗೆರೆ ಉಳಿಯಿತು. ಇಡೀ ಬ್ಲಾಕ್ ಎದ್ದು ಕೂತಿತು! ಹೊಲಿದು ಮುಗಿಸಿದ್ದನ್ನು ಮತ್ತೆ ಕತ್ತರಿಸುವ ಈ ಧೈರ್ಯ ಕೈಕೌದಿಯಲ್ಲಿ ಬರುವುದಿಲ್ಲ.

ಕಷ್ಟವೆಲ್ಲ ಕೊನೆಗೆ. ಮೇಲ್ಪದರ, ಹತ್ತಿ ಹಾಸು, ಅಡಿಬಟ್ಟೆ ಮೂರನ್ನೂ ಸೇರಿಸಿ ಹೊಲಿಯುವಾಗ ಸುರುಳಿ ಸುತ್ತಿದ ಕೌದಿಯನ್ನು ಮಷಿನ್ ತೋಳಿನ ಸಣ್ಣ ಜಾಗದೊಳಗೆ ತೂರಿಸಬೇಕು. ಭುಜ ಹಿಡಿದುಕೊಂಡಿತು. ಸೂಜಿಯ ಕೆಳಗೆ ಬಟ್ಟೆಯನ್ನು ಒತ್ತಿ ಹಿಡಿಯುವ ಮಾಮೂಲಿ ಫುಟ್‌ನಲ್ಲಿ ಅಡಿಬಟ್ಟೆ ನೆರಿಗೆ ಬಿದ್ದಿತು. ಮೇಲಿನ ಬಟ್ಟೆಯನ್ನೂ ಕೆಳಗಿನ ಬಟ್ಟೆಯನ್ನೂ ಸಮನಾಗಿ ಎಳೆಯುವ ವಾಕಿಂಗ್ ಫುಟ್ ಹಾಕಿ, ಹೊಲಿಗೆಯ ಉದ್ದ 3 ಮಿಲಿಮೀಟರಿಗೆ ಇಟ್ಟ ಮೇಲೆ ಸರಿಯಾಯಿತು. ಒಟ್ಟು 18 ಗಂಟೆ.

ಬ್ಲಾಕ್ ಬ್ಲಾಕ್ ಆಗಿ

ಮೂರನೆಯದೂ ಮಷಿನ್‌ನದೇ. 12 ಇಂಚಿನ 12 ಚೌಕ. ಪ್ರತಿ ಚೌಕಕ್ಕೂ ಅದರದೇ ಅಡಿಬಟ್ಟೆ, ಅದರದೇ ಹಾಸು. ತುಂಡುಗಳನ್ನು ನೇರವಾಗಿ ಹಾಸಿನ ಮೇಲೇ ಹೊಲಿಯುವುದರಿಂದ ಜೋಡಣೆಯೂ ಪದರ ಸೇರಿಸುವ ಹೊಲಿಗೆಯೂ ಒಟ್ಟಿಗೆ ಮುಗಿಯುತ್ತವೆ. ಕೊನೆಗೆ ಚೌಕಗಳನ್ನು ಪಟ್ಟಿಯಿಂದ ಸೇರಿಸಿದರೆ ಆಯಿತು. ಭುಜಕ್ಕೆ ನೋವಿಲ್ಲ, ಸಣ್ಣ ಮಷಿನ್ ಸಾಕು. ಒಂದು ಸಂಜೆಗೆ ಒಂದು ಚೌಕ. ಒಟ್ಟು 22 ಗಂಟೆ ಹಿಡಿಯಿತು, ಅದರಲ್ಲಿ ಆರು ಗಂಟೆ ಪಟ್ಟಿಗೇ ಹೋಯಿತು.

ನನಗೆ ಒಪ್ಪದೆ ಹೋದದ್ದು ಆ ಪಟ್ಟಿಗಳೇ. ಚೌಕದೊಳಗೆ ಎಷ್ಟೇ ಮನಸ್ಸಿಗೆ ಬಂದಂತೆ ಹೊಲಿದರೂ ಕೊನೆಗೆ ಎಲ್ಲವೂ ಕಿಟಕಿಯ ಸರಳಿನ ಹಿಂದೆ ಕೂತಂತೆ ಕಾಣುತ್ತವೆ. ಒಂದು ಚೌಕದ ಬಣ್ಣ ಪಕ್ಕದ ಚೌಕಕ್ಕೆ ಹರಿಯುವುದಿಲ್ಲ.

ಬಣ್ಣ ಎಲ್ಲಿ ಹೇಗೆ ಕಂಡಿತು

ಒಂದೇ ತುಂಡುಗಳು ಮೂರು ಕೌದಿಯಲ್ಲಿ ಮೂರು ಬಗೆಯಾಗಿ ಕಂಡವು. ಈ ಹೋಲಿಕೆಯಿಂದ ನನಗೆ ಸಿಕ್ಕ ದೊಡ್ಡ ಪಾಠ ಇದು.

ಕೈಕೌದಿಯಲ್ಲಿ ಗುಲಾಬಿ ಪಕ್ಕ ಗಿಳಿಹಸಿರು, ಅದರ ಪಕ್ಕ ಚೌಕುಳಿ ಶರ್ಟು, ಅದರ ಪಕ್ಕ ಹೂವಿನ ಸೀರೆ ಇಟ್ಟರೂ ಜಗಳ ಇಲ್ಲ. ಯಾಕೆಂದರೆ ಅರ್ಧ ಇಂಚಿಗೊಂದರಂತೆ ಒಂದೇ ಬಣ್ಣದ ದಾರ ಎಲ್ಲದರ ಮೇಲೂ ಹಾದು ಹೋಗಿರುತ್ತದೆ. ನಾನು ಕೆನೆಬಣ್ಣದ ದಾರ ಹಾಕಿದ್ದೆ. ಆ ಗೆರೆಗಳು ಎಲ್ಲ ಬಣ್ಣವನ್ನೂ ತುಸು ತಣ್ಣಗೆ ಮಾಡಿ ಒಂದು ಮನೆಯವರನ್ನಾಗಿ ಮಾಡಿದವು.

ಮಷಿನ್ ಕೌದಿಯಲ್ಲಿ ಅಂಥ ಆಸರೆ ಇಲ್ಲ. ಬಣ್ಣಗಳು ನೇರವಾಗಿ ಎದುರುಬದುರು ನಿಲ್ಲುತ್ತವೆ. ಅಲ್ಲಿ ಬಣ್ಣಕ್ಕಿಂತ ಗಾಢ, ತಿಳಿ ಎಂಬ ಭೇದ ಮುಖ್ಯ. ಕೆಂಪು, ಹಸಿರು ಬೇರೆ ಬೇರೆ ಎಂದು ಜೋಡಿಸಿದ್ದೆ, ದೂರದಿಂದ ಎರಡೂ ಒಂದೇ ಮುದ್ದೆಯಾಗಿ ಕಂಡವು. ಫೋನಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿದರೆ ತಕ್ಷಣ ಗೊತ್ತಾಗುತ್ತದೆ: ಎರಡೂ ಒಂದೇ ಬೂದು. ಆಮೇಲೆ ಪ್ರತಿ ಗಾಢ ತುಂಡಿನ ಪಕ್ಕ ಒಂದು ತಿಳಿ ತುಂಡು ಬರುವಂತೆ ಮಾಡಿದೆ. ಸುಮ್ನೆ ಕಣ್ಣು ಕಿರಿದು ಮಾಡಿ ನೋಡಿದರೂ ಸಾಕು.

ಮನಸ್ಸು ಬದಲಾಯಿಸುವ ಮಾತಿಗೆ ಬಂದರೆ, ಕೈಕೌದಿ, ಮಷಿನ್ ಕೌದಿ ಎರಡರಲ್ಲೂ ಜಾಗ ಇದೆ, ಆದರೆ ಬೇರೆ ಬೇರೆ ಕಡೆ. ಕೈಕೌದಿ ಆಲಾಪದ ಹಾಗೆ. ಮುಂದಿನ ತುಂಡು ಯಾವುದು ಎಂದು ಅಲ್ಲಿಗೆ ಬರುವ ತನಕ ಗೊತ್ತಿರುವುದಿಲ್ಲ, ಬಿಚ್ಚದೆ ಹಿಂದೆ ಹೋಗಲು ಆಗುವುದಿಲ್ಲ. ತೀರಾ ಒಪ್ಪದಿದ್ದರೆ ಮೇಲೊಂದು ಸಣ್ಣ ತುಂಡು ಇಟ್ಟು ಹೊಲಿಯಬಹುದು. ನನ್ನ ಕೌದಿಯಲ್ಲಿ ಅಂಥವು ಏಳು ಇವೆ, ನೋಡಿದವರೆಲ್ಲ ಮೆಚ್ಚಿದ್ದು ಅವನ್ನೇ. ಮಷಿನ್ ಕೌದಿ ರಂಗೋಲಿಯ ಹಾಗೆ. ಅಳಿಸಿ ತಿದ್ದಲು ಕೊನೆಯ ತನಕ ಬಿಡುತ್ತದೆ, ಮೂರು ಪದರ ಸೇರಿದ ಮೇಲೆ ಮಾತ್ರ ಮುಗಿಯಿತು. ನನಗೆ ಹಿಂದೆ ನೋಡದೆ ಹೋಗುವ ಕೈಕೌದಿಯೇ ಹೆಚ್ಚು ಹಿಡಿಸಿತು.

ಆರು ಸಲ ಒಗೆದ ಮೇಲೆ

ಕೈಕೌದಿ ಒಗೆದಂತೆಲ್ಲ ಚೆಂದವಾಗುತ್ತಿದೆ. ಸಾಲುಗಳ ನಡುವೆ ಸಣ್ಣ ಸುಕ್ಕು ಬಂದು ಮುಟ್ಟಲು ಹಿತವಾಗಿದೆ. ಒಂದು ಕಡೆ ದಾರ ಕಿತ್ತಿತ್ತು, ಅಕ್ಕಪಕ್ಕದ ಸಾಲುಗಳು ತುಂಡನ್ನು ಹಿಡಿದುಕೊಂಡೇ ಇದ್ದವು. ಮಷಿನ್ ಕೌದಿಯಲ್ಲಿ ಎರಡು ಜಾಗ ಬಾಯಿಬಿಟ್ಟಿತು. ಎರಡೂ ಜಾಳು ನೇಯ್ಗೆಯ ಬಟ್ಟೆ, ಕಾಲು ಇಂಚಿಗಿಂತ ಕಡಿಮೆ ಅಂಚು ಬಿಟ್ಟು ಹೊಲಿದಿದ್ದೆ. ಉಳಿದಂತೆ ಗಟ್ಟಿಯಾಗಿದೆ. ಮೂರರಲ್ಲಿ ಹೆಚ್ಚು ಬೆಚ್ಚಗಿರುವುದೂ ಅದೇ. ಬ್ಲಾಕ್ ಕೌದಿಗೆ ಪಾಲಿಯೆಸ್ಟರ್ ಹಾಸು ಹಾಕಿದ್ದೆ. ಹಗುರ, ಬೇಗ ಒಣಗುತ್ತದೆ. ಆದರೆ ಕಪ್ಪು ಬಟ್ಟೆ ಇರುವ ಕಡೆ ಹಾಸಿನ ಬಿಳಿ ಎಳೆಗಳು ನೂಲಿನ ಸಂದಿಯಿಂದ ಹೊರಗೆ ಇಣುಕುತ್ತಿವೆ.

ಮೊದಲ ಸಲ ಹೊಲಿಯುವವರು ಕೇಳಿದರೆ ನಾನು ಕೈಕೌದಿಯನ್ನೇ ಹೇಳುತ್ತೇನೆ. 36 ಇಂಚು ಬೇಡ, 15 ಇಂಚಿನ ಚೌಕ ಸಾಕು. ಮೂಲೆ, ಸುತ್ತು, ನಡುವಿನ ಉಬ್ಬು ಎಲ್ಲವೂ ಅಷ್ಟರಲ್ಲೇ ಅರ್ಥವಾಗುತ್ತದೆ. ಇಡೀ ಭಾನುವಾರ ಕೂರುವವರಿಗೆ, ಬಣ್ಣ ಜೋಡಿಸುವುದೇ ಸುಖ ಎನ್ನುವವರಿಗೆ ಮಷಿನ್. ಬೆನ್ನು, ಭುಜದ ನೋವು ಇದ್ದೂ ಮಷಿನ್ ಬಿಡಲಾರದವರಿಗೆ ಬ್ಲಾಕ್, ಆದರೆ ಪಟ್ಟಿಯ ಬಣ್ಣವನ್ನು ಚೌಕದೊಳಗಿನ ಬಣ್ಣದಿಂದಲೇ ಆರಿಸಿ, ಆಗ ಸರಳು ಅಷ್ಟು ಎದ್ದು ಕಾಣುವುದಿಲ್ಲ.

ಈಗ ನಾಲ್ಕನೆಯದು ನಡೆದಿದೆ. ಸಣ್ಣ ಪಟ್ಟಿಗಳನ್ನು ಮಷಿನ್‌ನಲ್ಲಿ ಜೋಡಿಸಿ ಅಂಗೈಯಗಲದ ತುಂಡು ಮಾಡಿಕೊಂಡು, ಅವನ್ನು ಕೈಯಲ್ಲಿ ಅಂಚಿನಿಂದ ಒಳಗೆ ಹೊಲಿಯುತ್ತಿದ್ದೇನೆ. ಜೋಡಣೆ ಬಂದಲ್ಲಿ ಸೂಜಿ ತೂರಲು ತ್ರಾಸು. ಆದ್ದರಿಂದ ಹೊಲಿಗೆಯ ಸಾಲನ್ನು ಜೋಡಣೆಯ ಮೇಲೆ ತಾರದೆ ಪಕ್ಕಕ್ಕೆ ಜರುಗಿಸುತ್ತಿದ್ದೇನೆ. ಕಚ್ಚಾ ಹೊಲಿಗೆ ಮೊದಲ ದಿನವೇ ಹಾಕಿದೆ. ಮೂರು ಸುತ್ತು ಮುಗಿದಿವೆ, ನಡುವೆ ಇನ್ನೂ ಉಬ್ಬಿಲ್ಲ.